ತಿಂದುಬಿಟ್ಟೆ, ತಿಂದು ನೋಡಿದೆ, ತಿನ್ನಿಸಿಕೊಂಡೆ: ಜಪಾನಿ ಕ್ರಿಯಾಪದದ ಬಾಲ ಹಿಡಿಯುವುದು ಹೇಗೆ?

ಪ್ರಶ್ನೆ: ನನಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಜಪಾನಿನ ಕ್ಲೈಂಟ್ ಇರುವುದರಿಂದ ಭಾಷೆ ಕಲಿಯುತ್ತಿದ್ದೇನೆ, ಡಿಸೆಂಬರ್‌ನಲ್ಲಿ ಎನ್4 ಮಟ್ಟದ ಜಪಾನಿ ಭಾಷಾ ಪರೀಕ್ಷೆ ಇದೆ. 'ತಬೆರು' ಅಂದರೆ ತಿನ್ನು, ಅಲ್ಲಿಯವರೆಗೆ ಸರಿ. ಆಮೇಲೆ ತಬೆತೆ ಮಿರು, ತಬೆತೆ ಶಿಮೌ, ತಬೆಸಸೆರು, ತಬೆರರೆರು ಅಂತ ಬಾಲ ಬೆಳೆಯುತ್ತಾ ಹೋದ ಹಾಗೆ ತಲೆ ಕೆಡುತ್ತದೆ. ನಮ್ಮ ಟೀಚರ್ ಒಂದು ದಿನ ಬೋರ್ಡಿನ ಮೇಲೆ 'ತಬೆಸಸೆರರೆತಕುನಕತ್ತ' ಅಂತ ಬರೆದು ನಕ್ಕರು. ಪಟ್ಟಿ ಮಾಡಿ ಬಾಯಿಪಾಠ ಮಾಡಿದರೂ ಮಾತಾಡುವಾಗ ಒಂದೂ ನೆನಪಿಗೆ ಬರುವುದಿಲ್ಲ. ಇದಕ್ಕೆ ಸುಲಭದ ದಾರಿ ಇದೆಯಾ? 'ತಬೆರರೆರು'ಗೆ ಒಂದು ಕಡೆ 'ತಿನ್ನಲು ಆಗುತ್ತದೆ' ಅಂತಲೂ ಇನ್ನೊಂದು ಕಡೆ 'ತಿನ್ನಲ್ಪಡು' ಅಂತಲೂ ಇದೆ, ಯಾವುದು ಸರಿ?

ಉತ್ತರ: ಮೊದಲು ಆ ಪಟ್ಟಿ ತೆಗೆಯಿರಿ. ಜಪಾನಿ ಪದದ ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಬರೆದುಕೊಂಡಿದ್ದೀರಿ, ಅಲ್ವಾ? ಅದನ್ನು ಹೊಡೆದುಹಾಕಿ. ನನ್ನ ಹತ್ತಿರ ಕಲಿಯಲು ಬರುವ ಕನ್ನಡದವರಲ್ಲಿ ಹೆಚ್ಚಿನವರ ನೋಟ್‌ಬುಕ್ ಹಾಗೇ ಇರುತ್ತದೆ. ಮನೆಯಲ್ಲೇ ಬಾವಿ ಇಟ್ಟುಕೊಂಡು ಊರಾಚೆಯಿಂದ ನೀರು ಹೊತ್ತು ತರುವ ಕೆಲಸ ಅದು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಜಪಾನಿನಲ್ಲಿ ಮನೆಯಿಂದ ಹೊರಡುವವರು ಬಾಗಿಲಲ್ಲಿ ನಿಂತು ಒಂದು ಮಾತು ಹೇಳುತ್ತಾರೆ: 'ಇತ್ತೆ ಕಿಮಸ್'. ಇಕು ಅಂದರೆ ಹೋಗು, ಕುರು ಅಂದರೆ ಬರು. ಇತ್ತೆ ಅಂದರೆ ಹೋಗಿ, ಕಿಮಸ್ ಅಂದರೆ ಬರುತ್ತೇನೆ. ಹೋಗಿ ಬರ್ತೀನಿ! ಒಳಗಿನಿಂದ ಬರುವ ಉತ್ತರ 'ಇತ್ತೆರಶ್ಶಾಯ್', ಹೋಗಿ ಬನ್ನಿ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಸ್ತಕದವರು ಅರ್ಧ ಪುಟ ತೆಗೆದುಕೊಳ್ಳುತ್ತಾರೆ. ನಿಮಗೆ ಅರ್ಧ ನಿಮಿಷ ಸಾಕು.

ಈ 'ತೆ' ಇದೆಯಲ್ಲ, ಜಪಾನಿ ಕ್ರಿಯಾಪದದ ಕೀಲಿಕೈ ಅದೇ. ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡಿ, ಕಯ್ತೆ ಅಂದರೆ ಬರೆದು, ನೊಂದೆ ಅಂದರೆ ಕುಡಿದು. (ನಮ್ಮ 'ನೊಂದೆ' ಬೇರೆ ಬಿಡಿ, ಜಾಸ್ತಿ ಕುಡಿದವರಿಗೆ ಎರಡೂ ಒಂದೇ ಆಗಬಹುದು.) ಹೈಸ್ಕೂಲಿನಲ್ಲಿ ಕೃದಂತಾವ್ಯಯ ಅಂತ ಓದಿದ್ದೀರಲ್ಲ, ಅದು. ಹೆಸರು ಮರೆತಿದ್ದರೂ ಪರವಾಗಿಲ್ಲ, ಬಳಸುವುದನ್ನು ಯಾರೂ ಮರೆತಿಲ್ಲ. 'ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಆಫೀಸಿಗೆ ಹೋದೆ' ಅನ್ನುವುದನ್ನು ಜಪಾನಿಯಲ್ಲಿ 'ಒಕಿತೆ, ಹ ಒ ಮಿಗಯ್ತೆ, ಕೋಹೀ ಒ ನೊಂದೆ, ಕಯ್ಶ ಎ ಇತ್ತ' ಅನ್ನುತ್ತಾರೆ. ಪದಗಳ ಸಾಲು ಕೂಡ ಹಾಗೇ ಇದೆ. ಕೊನೆಯ ಪದ ಬರುವವರೆಗೆ ಕಾಲ ಗೊತ್ತಾಗುವುದಿಲ್ಲ, ನಮ್ಮಲ್ಲೂ ಗೊತ್ತಾಗುವುದಿಲ್ಲ.

ತೆ ರೂಪ ಮಾಡುವುದು ಕಷ್ಟ ಅಂತ ಎಲ್ಲರೂ ಅಳುತ್ತಾರೆ. ಪದ ಉ, ತ್ಸು, ರು ಅಂತ ಮುಗಿದರೆ ತ್ತೆ, ಮು, ಬು, ನು ಅಂತ ಮುಗಿದರೆ ಂದೆ, ಕು ಇದ್ದರೆ ಇತೆ, ಗು ಇದ್ದರೆ ಇದೆ, ಸು ಇದ್ದರೆ ಶಿತೆ. ತಬೆರು ಥರದವಕ್ಕೆ ಸುಮ್ನೆ ರು ತೆಗೆದು ತೆ ಹಾಕಿದರೆ ಆಯಿತು. ಇಕು ಒಂದು ಮಾತ್ರ ಸಾಲು ತಪ್ಪಿ ಇತ್ತೆ ಆಗುತ್ತದೆ, ಸುರು ಮತ್ತು ಕುರು ಅನ್ನುವ ಎರಡು ತುಂಟ ಪದಗಳಿವೆ, ಮುಗಿಯಿತು. ಈಗ ನಮ್ಮದನ್ನು ನೋಡಿ: ಕೊಡು ಕೊಟ್ಟು ಆಗುತ್ತದೆ, ಬೀಳು ಬಿದ್ದು ಆಗುತ್ತದೆ, ಬರು ಬಂದು, ನಗು ನಕ್ಕು, ಸಾಯು ಸತ್ತು. ಕನ್ನಡ ಕಲಿಯುವ ಜಪಾನಿನವರ ಮುಂದೆ ನಾವು ಅಳಬಾರದು.

ಇನ್ನು ಬಾಲಗಳಿಗೆ ಬರೋಣ. ತೆ ಆದ ಮೇಲೆ ಬರುವ ಬಾಲಗಳೆಲ್ಲ ಒಂದು ಕಾಲಕ್ಕೆ ಸ್ವತಂತ್ರ ಕ್ರಿಯಾಪದಗಳು, ಈಗಲೂ ಬೇರೆ ಕಡೆ ಸ್ವತಂತ್ರವಾಗಿಯೇ ಓಡಾಡುತ್ತವೆ. ಮಿರು ಅಂದರೆ ನೋಡು. ತಬೆತೆ ಮಿರು ಅಂದರೆ ತಿಂದು ನೋಡು. ಇದಕ್ಕಿಂತ ಹೆಚ್ಚು ವಿವರಣೆ ಬೇಕಾ? ಇಂಗ್ಲಿಷ್ ಪುಸ್ತಕ ಇದನ್ನು 'ಪ್ರಯತ್ನಿಸು' ಅನ್ನುತ್ತದೆ, ಅಲ್ಲಿಂದ ತಪ್ಪು ಶುರು. ಬಾಗಿಲು ತೆಗೆದು ನೋಡಿದೆ ಅನ್ನುವುದಕ್ಕೂ ಬಾಗಿಲು ತೆಗೆಯೋಕೆ ನೋಡಿದೆ ಅನ್ನುವುದಕ್ಕೂ ವ್ಯತ್ಯಾಸ ನಿಮಗೆ ಹುಟ್ಟಿನಿಂದ ಗೊತ್ತು. ಮೊದಲನೆಯದರಲ್ಲಿ ಬಾಗಿಲು ತೆರೆದುಕೊಂಡಿತು, ಅದು 'ಅಕೆತೆ ಮಿತ'. ಎರಡನೆಯದರಲ್ಲಿ ಜಗ್ಗಾಡಿದ್ದಷ್ಟೇ ಬಂತು, ಅದು 'ಅಕೆಯೋ ತೊ ಶಿತ'. ಪರೀಕ್ಷೆಯಲ್ಲಿ ಇವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ಕೇಳುವುದುಂಟು.

ಒಕು ಅಂದರೆ ಇಡು. ನಾಳೆಯ ದೋಸೆಗೆ ಅಕ್ಕಿ ನೆನೆಸಿಡು ಅನ್ನುವಾಗ ಆ 'ಇಡು' ಏನು ಕೆಲಸ ಮಾಡುತ್ತದೆಯೋ ಅದನ್ನೇ ತೆ ಒಕು ಮಾಡುತ್ತದೆ, ಅಂದರೆ ಮುಂದಕ್ಕೆ ಬೇಕಾಗುತ್ತದೆ ಅಂತ ಈಗಲೇ ಮಾಡಿಡುವುದು. ಮೀಟಿಂಗ್‌ಗೆ ಮುಂಚೆ ಓದಿಡಿ ಅಂತ ನಿಮ್ಮ ಕ್ಲೈಂಟ್ ಹೇಳುವುದು 'ಯೊಂದೆ ಒಯ್ತೆ ಕುದಸಾಯ್'. ಶಿಮೌ ಅಂದರೆ ಎತ್ತಿಡು, ಮುಗಿಸು ಅಂತ ಮೂಲ ಅರ್ಥ. ಬಾಲವಾದಾಗ ಅದು ನಮ್ಮ 'ಬಿಡು'. ತಬೆತೆ ಶಿಮತ್ತ, ತಿಂದುಬಿಟ್ಟೆ. ಪೂರ್ತಿ ಮುಗಿಯಿತು ಅನ್ನುವ ಅರ್ಥವೂ ಇದೆ, 'ಅಯ್ಯೋ, ಹೇಳಿಬಿಟ್ಟೆನಲ್ಲ' ಅನ್ನುವ ಪೇಚಾಟವೂ ಇದೆ, ಯಾವುದು ಅಂತ ಸಂದರ್ಭ ಹೇಳುತ್ತದೆ. ಕನ್ನಡದಲ್ಲೂ 'ಬಿಟ್ಟೆ' ಅನ್ನುವುದು ಹೆಮ್ಮೆಯೋ ಪಶ್ಚಾತ್ತಾಪವೋ ಅಂತ ದನಿಯಿಂದಲೇ ಗೊತ್ತಾಗಬೇಕು.

ನನಗೆ ತುಂಬಾ ಇಷ್ಟದ ವಿಷಯ ಏನು ಅಂದರೆ, ಮಾತಾಡುವ ಅವಸರದಲ್ಲಿ ಇವು ನಮ್ಮ ಥರವೇ ಅಂಟಿಕೊಳ್ಳುತ್ತವೆ. ತಿಂದುಬಿಟ್ಟೆ ನಮ್ಮ ಬಾಯಲ್ಲಿ ತಿಂದ್ಬಿಟ್ಟೆ ಆಗುವ ಹಾಗೆ ತಬೆತೆ ಶಿಮತ್ತ ಅವರ ಬಾಯಲ್ಲಿ ತಬೆಚತ್ತ ಆಗುತ್ತದೆ. ಯೊಂದೆ ಒಕು ಯೊಂದೊಕು ಆಗುತ್ತದೆ, ತಬೆತೆ ಇರು ತಬೆತೆರು ಆಗುತ್ತದೆ. ನಿಮ್ಮ ಕ್ಲೈಂಟ್‌ನವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಒಂದೂ ಅರ್ಥವಾಗುವುದಿಲ್ಲ ಅನ್ನಿಸಿದರೆ ಅದು ಹೊಸ ವ್ಯಾಕರಣ ಅಲ್ಲ, ಹಳೆಯದೇ ನುಂಗಿಹೋಗಿರುತ್ತದೆ.

ಈಗ ತೆ ಇರು. ಜಪಾನಿ ಇರು ಅಂದರೆ ಕನ್ನಡದ ಇರುವೇ, ಉಚ್ಚಾರಣೆಯೂ ಅದೇ. ಇದು ಕಾಕತಾಳೀಯ, ಇದನ್ನು ಹಿಡಿದುಕೊಂಡು ಎರಡೂ ಭಾಷೆ ಅಕ್ಕತಂಗಿಯರು ಅಂತ ಹೊರಡಬೇಡಿ. ಓನೊ ಸುಸುಮು ಅನ್ನುವ ಜಪಾನಿನ ದೊಡ್ಡ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ನಂಟಿದೆ ಅಂತ ವರ್ಷಗಟ್ಟಲೆ ವಾದ ಮಾಡಿದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವ, ಬಾಲ ಅಂಟಿಸುವ ಭಾಷೆಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ನೆಂಟಸ್ತನ ಇಲ್ಲದಿದ್ದರೂ ಹೋಲಿಕೆಯಿಂದ ನಮಗೆ ಲಾಭ ಇದೆ, ಅಷ್ಟು ಸಾಕು.

ಈ ತೆ ಇರು ವಿಷಯದಲ್ಲಿ ನಾನು ಮುಗ್ಗರಿಸಿದ್ದೇನೆ. ಜಪಾನಿಗೆ ಹೋದ ಹೊಸದು. ಒಂದು ಆಫೀಸಿಗೆ ಹತ್ತು ಗಂಟೆಗೆ ಹೋಗಬೇಕಿತ್ತು, ರೈಲು ತಪ್ಪಿತು. ಫೋನ್ ಮಾಡಿ 'ಬರ್ತಾ ಇದೀನಿ' ಅಂತ ಹೇಳಬೇಕು. ತಲೆಯಲ್ಲಿ ಇಂಗ್ಲಿಷ್ ಪಟ್ಟಿ ಕೂತಿತ್ತಲ್ಲ, ನಡೆಯುತ್ತಿರುವ ಕೆಲಸಕ್ಕೆ ತೆ ಇರು ಅಂತ, ಹಾಗಾಗಿ 'ಇಮ ಕಿತೆ ಇಮಸ್' ಅಂದೆ. ಆ ಕಡೆಯವರು 'ಹೌದಾ, ಒಂದು ನಿಮಿಷ' ಅಂತ ಹೇಳಿ ಕೆಳಗೆ ರಿಸೆಪ್ಶನ್‌ಗೆ ಇಳಿದುಬಂದು ನನ್ನನ್ನು ಹುಡುಕಿದರಂತೆ. ಯಾಕೆಂದರೆ ಕಿತೆ ಇಮಸ್ ಅಂದರೆ ಬಂದು ಇದ್ದೇನೆ, ಬಂದಿದ್ದೇನೆ! ನಾನು ಹೇಳಬೇಕಾಗಿದ್ದದ್ದು 'ಇಮ ಮುಕತ್ತೆ ಇಮಸ್', ಆ ಕಡೆಗೆ ಹೊರಟಿದ್ದೇನೆ ಅಂತ. ಪದ ಬಿಡಿಸಿ ಕನ್ನಡದಲ್ಲಿ ಯೋಚಿಸಿದ್ದರೆ, ಬಂದು ಜೊತೆಗೆ ಇರು ಅಂತ, ತಪ್ಪುತ್ತಲೇ ಇರಲಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಬರೆಯುತ್ತಿದ್ದೇನೆ ಮತ್ತು ಬರೆದಿದ್ದೇನೆ ಅಂತ ಎರಡು ರೂಪ ಇಟ್ಟುಕೊಂಡಿದ್ದೇವೆ. ಅವರು ಎರಡಕ್ಕೂ ಒಂದೇ ತೆ ಇರು ಬಳಸುತ್ತಾರೆ. ತಿನ್ನು, ಓದು, ಬರೆ, ಓಡು ಥರ ಸ್ವಲ್ಪ ಹೊತ್ತು ಎಳೆಯುವ ಕೆಲಸ ಆದರೆ ಸಾಮಾನ್ಯವಾಗಿ 'ಉತ್ತಿದ್ದೇನೆ' ಅನ್ನುವ ಅರ್ಥ ಬರುತ್ತದೆ: ತಬೆತೆ ಇರು, ತಿನ್ನುತ್ತಿದ್ದೇನೆ. ಬರು, ಹೋಗು, ಸಾಯು, ಮದುವೆಯಾಗು ಥರ ಒಂದು ಕ್ಷಣದಲ್ಲಿ ಸ್ಥಿತಿ ಬದಲಾಗಿಬಿಡುವ ಪದ ಆದರೆ ಆದಮೇಲಿನ ಸ್ಥಿತಿ: ಶಿಂದೆ ಇರು ಅಂದರೆ ಸತ್ತಿದ್ದಾನೆ, ಸಾಯುತ್ತಿದ್ದಾನೆ ಅಲ್ಲ. ಕೆಕ್ಕೊನ್ ಶಿತೆ ಇರು ಅಂದರೆ ಮದುವೆ ಆಗಿದೆ. ಆಫೀಸಿನಲ್ಲಿ ಯಾರಾದರೂ 'ಕೆಕ್ಕೊನ್ ಶಿತೆ ಇಮಸ್ ಕ' ಅಂತ ಕೇಳಿದರೆ ಇವತ್ತೇ ಮುಹೂರ್ತ ಇದೆಯಾ ಅಂತ ಕೇಳುತ್ತಿಲ್ಲ.

ಕೊಡುವ ತೆಗೆದುಕೊಳ್ಳುವ ಬಾಲಗಳಲ್ಲಿ ಕನ್ನಡ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಹೇಳಿಕೊಟ್ಟರು ಅನ್ನುವಲ್ಲಿ ನಾವು 'ಕೊಡು' ಸೇರಿಸುತ್ತೇವೆ, ಅವರೂ ಸೇರಿಸುತ್ತಾರೆ. ಆದರೆ ಅವರ ಹತ್ತಿರ ಎರಡು 'ಕೊಡು' ಇವೆ. ನನ್ನ ಕಡೆಗೆ ಬಂದರೆ ಕುರೆರು, ನನ್ನಿಂದ ಆಚೆ ಹೋದರೆ ಅಗೆರು. ಮಲಯಾಳಂ ಗೊತ್ತಿರುವ ಸ್ನೇಹಿತರಿದ್ದರೆ ಕೇಳಿ, ಅಲ್ಲಿ ನನಗೆ-ನಿನಗೆ ಕೊಡುವುದಕ್ಕೆ ತರು, ಬೇರೆಯವರಿಗೆ ಕೊಡುವುದಕ್ಕೆ ಕೊಡುಕ್ಕು ಅಂತ ಬೇರೆ ಬೇರೆ ಇದೆ, ಅವರಿಗೆ ಈ ವಿಚಾರ ಬೇಗ ಹತ್ತುತ್ತದೆ. ನಾವು 'ಅವನು ಸಹಾಯ ಮಾಡಿದ' ಅಂದರೆ ಸಾಕು, ಕೃತಜ್ಞತೆ ಮುಖದಲ್ಲಿ ಕಾಣುತ್ತದೆ. ಜಪಾನಿಯಲ್ಲಿ ಅದು ಬಾಲದಲ್ಲೇ ಕಾಣಬೇಕು: ತೆತ್ಸುದತ್ತೆ ಕುರೆತ. ಕುರೆತ ಬಿಟ್ಟರೆ ವ್ಯಾಕರಣ ತಪ್ಪಾಗುವುದಿಲ್ಲ, ಆದರೆ ಯಾರೋ ಯಾರಿಗೋ ಮಾಡಿದ ಸಹಾಯದ ವರದಿ ಓದಿದ ಹಾಗಿರುತ್ತದೆ. ಇನ್ನು ಅಗೆರು ಬಳಸುವಾಗ ಹುಷಾರು. ಮೇಲಧಿಕಾರಿಯ ಬ್ಯಾಗ್ ಕಂಡು 'ಎತ್ತಿಕೊಡ್ತೀನಿ ಸಾರ್' ಅನ್ನುವ ಭಾವದಲ್ಲಿ 'ಮೊತ್ತೆ ಅಗೆಮಸ್' ಅಂದರೆ, ಪಾಪ ನಿಮಗೆ ಉಪಕಾರ ಮಾಡುತ್ತೇನೆ ಅಂದ ಹಾಗೆ ಕೇಳಿಸುತ್ತದೆ. ಅಲ್ಲಿ 'ಒಮೊಚಿ ಶಿಮಸ್' ಅನ್ನಬೇಕು.

ಈಗ ತೆ ಇಲ್ಲದ, ಪದದ ಮೈಗೇ ಅಂಟುವ ಬಾಲಗಳು. ಸಸೆರು ನಮ್ಮ 'ಇಸು'. ತಿನ್ನಿಸು, ತಬೆಸಸೆರು. ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ತಲೆ ತಿನ್ನುವುದು ರರೆರು. ಪುಸ್ತಕ ಅದನ್ನು ಕರ್ಮಣಿ ಪ್ರಯೋಗ ಅನ್ನುತ್ತದೆ, ನೀವು ತಕ್ಷಣ 'ಬೈಯಲ್ಪಟ್ಟೆ' ಅಂತ ಬರೆದುಕೊಳ್ಳುತ್ತೀರಿ, ಹಾಗೆ ಯಾರಾದರೂ ಮಾತಾಡುತ್ತಾರಾ? ನಾವು ಏನಂತೀವಿ? ಮೇಷ್ಟ್ರ ಹತ್ರ ಬೈಸಿಕೊಂಡೆ. ನಾಯಿ ಹತ್ರ ಕಚ್ಚಿಸಿಕೊಂಡೆ. 'ಸೆನ್ಸೇ ನಿ ಶಿಕರರೆತ', 'ಇನು ನಿ ಕಮರೆತ'. ಅನುಭವಿಸಿದವನು ನಾನು, ಮಾಡಿದವರು ಅವರು, ನನ್ನ ತಲೆಗೆ ಬಂತು ಅನ್ನುವ ಧಾಟಿ ಎರಡರಲ್ಲೂ ಅದೇ. ಇಸಿಕೊಂಡೆ ಅಂತ ನೆನಪಿಟ್ಟುಕೊಂಡರೆ ಜಪಾನಿ ರರೆರುವಿನ ಮುಕ್ಕಾಲು ಪಾಲು ಕೈಗೆ ಬಂದ ಹಾಗೆ.

ಉಳಿದ ಕಾಲು ಭಾಗ ವಿಚಿತ್ರವಾಗಿದೆ, ಸ್ವಾರಸ್ಯವೂ ಅಲ್ಲೇ ಇದೆ. ಕರ್ಮವೇ ಇಲ್ಲದ ಕ್ರಿಯಾಪದಕ್ಕೂ ಅವರು ರರೆರು ಹಾಕುತ್ತಾರೆ. 'ಅಮೆ ನಿ ಫುರರೆತ': ಮಳೆ ಸುರಿಯಿತು, ನಾನು ಪೇಚಿಗೆ ಬಿದ್ದೆ. 'ಕೊದೊಮೊ ನಿ ನಕರೆತ': ಮಗು ಅತ್ತಿತು, ನನಗೆ ನಿದ್ದೆ ಇಲ್ಲ. 'ತೊಮೊದಚಿ ನಿ ಕೊರರೆತ': ಸ್ನೇಹಿತ ಬಂದ, ನನ್ನ ಕೆಲಸ ಕೆಟ್ಟಿತು. ಕನ್ನಡದಲ್ಲಿ ಇದಕ್ಕೆ ಬಾಲ ಇಲ್ಲ, ನಾವು ಕ್ರಿಯಾಪದವನ್ನೇ ಬದಲಿಸುತ್ತೇವೆ. ಅವನು ಬಂದ ಅನ್ನುವುದಿಲ್ಲ, ವಕ್ಕರಿಸಿದ ಅನ್ನುತ್ತೇವೆ. ಜಪಾನಿಯವರು ಪಾಪ ಸ್ನೇಹಿತನನ್ನು ಬೈಯುವುದಿಲ್ಲ, ಅವನು ಬಂದ ಅಷ್ಟೇ, ಕಷ್ಟವನ್ನೆಲ್ಲ ಎರಡು ಅಕ್ಷರದಲ್ಲಿ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ.

ನಿಮ್ಮ ಟೀಚರ್ ಬೋರ್ಡಿನ ಮೇಲೆ ಬರೆದದ್ದನ್ನು ಈಗ ಬಿಡಿಸೋಣ. ತಬೆ, ತಿನ್ನು. ಸಸೆ, ಇಸು. ರರೆ, ಇನ್ನೊಬ್ಬರು ಮಾಡಿದ್ದು ನನ್ನ ತಲೆಗೆ ಬಂತು. ತಕು, ಬೇಕು ಅನ್ನುವ ಆಸೆ. ನಕತ್ತ, ಇರಲಿಲ್ಲ. ಮದುವೆ ಊಟದಲ್ಲಿ ಹೊಟ್ಟೆ ತುಂಬಿದ ಮೇಲೂ ಎಲೆಗೆ ಇನ್ನೆರಡು ಹೋಳಿಗೆ ಹಾಕಿ 'ತಿನ್ನಲೇಬೇಕು' ಅಂತ ಎದುರಿಗೆ ನಿಲ್ಲುವ ಚಿಕ್ಕಮ್ಮ ಇರುತ್ತಾರಲ್ಲ, ಆ ಥರ ಬಲವಂತಕ್ಕೆ ಸಿಕ್ಕಿ ತಿನ್ನುವುದು ನನಗೆ ಬೇಕಿರಲಿಲ್ಲ ಅಂತ ಅರ್ಥ. ಇಷ್ಟುದ್ದದ ಪದ ಕಂಡು ಹೆದರಬೇಡಿ. ನಮ್ಮ 'ತಿನ್ನಿಸಿಕೊಳ್ಳಬೇಕಾಗಿರಲಿಲ್ಲ' ಅನ್ನುವುದನ್ನು ಒಂದು ಸಲ ಬಿಡಿಸಿ ನೋಡಿ. ಅರ್ಥ ಸ್ವಲ್ಪ ಬೇರೆ, ಕಟ್ಟಿದ ರೀತಿ ಅದೇ: ಮೊದಲು ಕೆಲಸ, ಆಮೇಲೆ ಮಾಡಿಸಿದ್ದು, ಆಮೇಲೆ ತನ್ನ ಮೇಲೆ ಬಂದದ್ದು, ಆಮೇಲೆ ಬೇಕು-ಬೇಡ, ಕೊನೆಗೆ ಇಲ್ಲ ಮತ್ತು ಕಾಲ. ಈ ಸಾಲು ಅದಲು ಬದಲಾಗುವುದಿಲ್ಲ. ಹಾಗಾಗಿ ಕೇಳುವಾಗ ಪದದ ಕೊನೆಗೆ ಕಿವಿ ಕೊಡಿ. ಹೌದೋ ಅಲ್ಲವೋ, ಆಯಿತೋ ಇಲ್ಲವೋ ಎಲ್ಲ ಅಲ್ಲೇ ಇರುತ್ತದೆ.

ಆಸೆಯ ಬಾಲ ಬಂತಲ್ಲ, ಅಲ್ಲಿ ಕನ್ನಡ ನಿಮಗೆ ಕೈಕೊಡುತ್ತದೆ. 'ನಾನು ಊರಿಗೆ ಹೋಗಬೇಕು' ಅಂದರೆ ಆಸೆಯೂ ಇರಬಹುದು, ವಿಧಿಯಿಲ್ಲದೆ ಹೋಗುವುದೂ ಇರಬಹುದು. ಜಪಾನಿಯಲ್ಲಿ ಬೆರೆಸುವ ಹಾಗಿಲ್ಲ. ಆಸೆಯಾದರೆ ಇಕಿತಯ್. ವಿಧಿಯಿಲ್ಲದಿದ್ದರೆ ಇಕನಕೆರೆಬ ನರನಯ್, ಪದಕ್ಕೆ ಪದ ಹೇಳಿದರೆ 'ಹೋಗದೆ ಇದ್ರೆ ಆಗಲ್ಲ'. ತಯ್ ಬಾಲ ನಿಮ್ಮ ಆಸೆಗೆ ಮಾತ್ರ, ಇಲ್ಲವೇ ಎದುರಿಗಿರುವವರನ್ನು ಕೇಳುವುದಕ್ಕೆ. ಮೂರನೆಯವರ ಮನಸ್ಸಿನೊಳಗೆ ಏನಿದೆ ಅಂತ ನೇರವಾಗಿ ಹೇಳಿದರೆ ಅವರಿಗೆ ಸರಿ ಕಾಣುವುದಿಲ್ಲ, ಇಕಿತಗತ್ತೆ ಇರು ಅಂತ 'ಹೋಗಬೇಕು ಅನ್ನುವ ಹಾಗೆ ಆಡುತ್ತಿದ್ದಾನೆ' ಅನ್ನುತ್ತಾರೆ.

ಕಾಣುವುದು, ಕೇಳುವುದು ಅಂದ ಮೇಲೆ ಇನ್ನೊಂದು ನೆನಪಾಯಿತು. 'ಸೋ ದ' ಬಾಲ ಎರಡು ಥರ ಬಂದು ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಫುರಿಸೋ ದ ಅಂದರೆ ಮಳೆ ಬರೋ ಹಾಗಿದೆ, ಮೋಡ ನೋಡಿ ಹೇಳಿದ್ದು. ಫುರು ಸೋ ದ ಅಂದರೆ ಮಳೆ ಬರುತ್ತಂತೆ, ಟಿವಿಯಲ್ಲಿ ಕೇಳಿ ಹೇಳಿದ್ದು. 'ಹಾಗಿದೆ' ಮತ್ತು 'ಅಂತೆ' ಅನ್ನುವ ಎರಡು ಪದ ನಿಮ್ಮ ಹತ್ತಿರ ಇರುವಾಗ ಇದು ಒಂದು ಪಾಠವೇ ಅಲ್ಲ. ಹಾಗೇ ತಬೆತರ ಅಂದರೆ ತಿಂದರೆ, ಎರಡೂ ಭೂತಕಾಲದ ಮೈಮೇಲೆಯೇ ಕಟ್ಟಿದವು. ಮೊ ಅಂದರೆ ನಮ್ಮ ಊ, ವತಶಿ ಮೊ ಅಂದರೆ ನಾನೂ, ಆದ್ದರಿಂದ ತಬೆತೆ ಮೊ ಅಂದರೆ ತಿಂದರೂ. ತಬೆತೆ ಮೊ ಈ, ತಿಂದರೂ ಪರವಾಗಿಲ್ಲ, ಅಂದರೆ ತಿನ್ನಬಹುದು.

ಕಕು, ನೊಮು ಥರದ ಪದಗಳ ನಡು ಬದಲಾಗುವುದು ಹೇಗೆ ನೆನಪಿಡುವುದು ಅಂತ ಮುಂದಿನ ಸಲ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ. ಹಿರಗಾನ ಅನ್ನುವ ಜಪಾನಿ ಲಿಪಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ಕನ್ನಡದಲ್ಲಿ ಬರೆದು ನೋಡಿ: ಕಕನಯ್ (ಬರೆಯುವುದಿಲ್ಲ), ಕಕಿಮಸ್ (ಬರೆಯುತ್ತೇನೆ, ಮರ್ಯಾದೆಯ ರೂಪ), ಕಕು (ಬರೆ), ಕಕೆರು (ಬರೆಯಲು ಬರುತ್ತದೆ), ಕಕೋ (ಬರೆಯೋಣ). ಕ ಕಿ ಕು ಕೆ ಕೋ. ಕಾಗುಣಿತ! ಜಪಾನಿ ಅಕ್ಷರಗಳ ಈ ಸಾಲು ಜೋಡಣೆಯ ಹಿಂದೆ ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಸಿದ್ಧಂ ಲಿಪಿಯ, ಸಂಸ್ಕೃತದ ಅಕ್ಷರ ಕ್ರಮದ ಪ್ರಭಾವ ಇದೆ, ಇದು ಕಾಕತಾಳೀಯ ಅಲ್ಲ. ಕ್ರಿಯಾಪದಗಳ ಈ ಸಾಲುಗಳನ್ನು ವಿಂಗಡಿಸಿ 1808ರಲ್ಲಿ ಪುಸ್ತಕ ಮಾಡಿದವರು ಮೊತೊಓರಿ ಹರುನಿವ. ಆ ಹೊತ್ತಿಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆಗ ಈ ಸಾಲಿನಲ್ಲಿ ಕ ಕಿ ಕು ಕೆ ಅಂತ ನಾಲ್ಕೇ ಇದ್ದವು. 1946ರಲ್ಲಿ ಬರೆಯುವ ಕ್ರಮ ಸುಧಾರಿಸಿದ ಮೇಲೆ ಕೊನೆಯ ಕೋ ಸೇರಿ ಐದಾಯಿತು.

ಮಸ್ ಬಗ್ಗೆ ಒಂದು ಮಾತು, ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಕನ್ನಡದಲ್ಲಿ 'ಬಂದರು' ಅಂದರೆ ಬಂದವರಿಗೆ ಮರ್ಯಾದೆ. ಜಪಾನಿಯಲ್ಲಿ 'ಕಿಮಶಿತ' ಅಂದರೆ ಕೇಳುತ್ತಿರುವವರಿಗೆ ಮರ್ಯಾದೆ, ಬಂದದ್ದು ನಾಯಿಯಾದರೂ ಸರಿ. ಬಂದವರಿಗೆ ಗೌರವ ಕೊಡಲು ಇರಶ್ಶರು ಅಂತ ಬೇರೆ ಪದವೇ ಇದೆ. ಹೊರಗಿನವರ ಮುಂದೆ ನಮ್ಮ ಅಪ್ಪನಿಗೋ ನಮ್ಮ ಮ್ಯಾನೇಜರಿಗೋ ಆ ಪದ ಬಳಸುವ ಹಾಗಿಲ್ಲ. 'ಅಪ್ಪ ಬಂದ' ಅಂದ ಹಾಗೆ ಕೇಳಿಸಿ ನಮಗೆ ನಾಲಿಗೆ ತಡವರಿಸುತ್ತದೆ, ಆದರೂ ಹಾಗೇ ಹೇಳಬೇಕು. ಅವನು, ಅವಳು, ಅವರು, ನಾನು ಯಾರೇ ಬಂದರೂ ಬಾಲ ಬದಲಾಗುವುದಿಲ್ಲ ಅನ್ನುವುದೊಂದು ಸಮಾಧಾನ.

ಕೊನೆಗೆ ನಿಮ್ಮ ತಬೆರರೆರು. ಎರಡೂ ಅರ್ಥ ಸರಿ. ತಬೆರು, ಮಿರು ಥರದ ಪದಗಳಲ್ಲಿ 'ಆಗುತ್ತದೆ' ಅನ್ನುವ ರೂಪವೂ 'ಇಸಿಕೊಂಡೆ' ರೂಪವೂ ಒಂದೇ. ಕಕು ಗುಂಪಿನಲ್ಲಿ ಈ ಗೊಂದಲ ಇಲ್ಲ, ಅಲ್ಲಿ ಕಕೆರು ಬೇರೆ, ಕಕರೆರು ಬೇರೆ. ವಾಕ್ಯದಲ್ಲಿ ಮಾಡಿದವರ ಜೊತೆ 'ನಿ' ಇದೆಯಾ ನೋಡಿ: 'ನೆಕೊ ನಿ ಸಕನ ಒ ತಬೆರರೆತ' ಅಂದರೆ ಬೆಕ್ಕು ನನ್ನ ಮೀನು ತಿಂದುಹಾಕಿತು. ಈ ಗೊಂದಲ ಜಪಾನಿನವರಿಗೂ ಸಾಕಾಗಿರಬೇಕು, ಮಾತಿನಲ್ಲಿ 'ಆಗುತ್ತದೆ' ಅನ್ನುವುದಕ್ಕೆ ಒಂದು ರ ಬಿಟ್ಟು ತಬೆರೆರು, ಮಿರೆರು ಅನ್ನುತ್ತಾರೆ. ಹಿರಿಯರು ಇದನ್ನು ಕೆಟ್ಟ ಜಪಾನಿ ಅಂತ ಬೈಯುತ್ತಲೇ ಬಂದರು, ಆದರೆ 2015ನೇ ಸಾಲಿನ ಸರಕಾರಿ ಭಾಷಾ ಸಮೀಕ್ಷೆಯಲ್ಲಿ ಮಿರರೆರು ಅನ್ನುವವರಿಗಿಂತ ಮಿರೆರು ಅನ್ನುವವರೇ ಮೊದಲ ಸಲ ಜಾಸ್ತಿ ಕಂಡರು. ಕ್ಲೈಂಟ್ ಜೊತೆ ಊಟಕ್ಕೆ ಕೂತಾಗ 'ಕರಯ್ ಮೊನೊ, ತಬೆರೆಮಸ್ ಕ' ಅಂತ ಕೇಳಿದರೆ ಖಾರ ತಿನ್ನುತ್ತೀರಾ ಅಂತ ಅರ್ಥ, ಧೈರ್ಯವಾಗಿ ಹೂಂ ಅನ್ನಿ. ಪರೀಕ್ಷೆಯಲ್ಲಿ ಮಾತ್ರ ಆ ರ ಬಿಡಬೇಡಿ.